ಭಾರತೀಯ ಪಾಸ್‌ಪೋರ್ಟ್

ಭಾರತೀಯ ಪಾಸ್‌ಪೋರ್ಟ್ ಎಂಬುದು ಭಾರತದ ಪ್ರಜೆಗಳು ವಿದೇಶ ಪ್ರಯಾಣ ಕೈಗೊಳ್ಳಲು ಭಾರತ ಸರ್ಕಾರದ ವಿದೇಶಾಂಗ ವ್ಯವಹಾರಗಳ ಸಚಿವಾಲಯವು ನೀಡುವ ಅಧಿಕೃತ ಪ್ರಯಾಣ ದಾಖಲೆ. ಇದು ಹೊಂದಿರುವವರ ಗುರುತು ಮತ್ತು ರಾಷ್ಟ್ರೀಯತೆಯನ್ನು ಪ್ರಮಾಣೀಕರಿಸುತ್ತದೆ. ಇದರ ವಿತರಣೆ, ನಿರಾಕರಣೆ ಮತ್ತು ಮುಟ್ಟುಗೋಲು 1967ರ ಪಾಸ್‌ಪೋರ್ಟ್ ಕಾಯ್ದೆಗೆ ಒಳಪಟ್ಟಿವೆ. ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಪುಸ್ತಿಕೆಯು ಕೇಂದ್ರ ಸರ್ಕಾರದ ಸ್ವತ್ತು. ಆದರೆ ವಿದೇಶ ಪ್ರಯಾಣದ ಸ್ವಾತಂತ್ರ್ಯವು ಪ್ರಜೆಯ ಮೂಲಭೂತ ಹಕ್ಕಿನ ಭಾಗವಾಗಿದೆ. ಈ ಹಕ್ಕನ್ನು ಚಲಾಯಿಸಲು ಹೊರಟ ಅರ್ಜಿದಾರರಿಗೆ ಬೇರೆ ಬೇರೆ ದಾಖಲೆಗಳಲ್ಲಿನ ಹೆಸರು, ಜನ್ಮ ದಿನಾಂಕ ಅಥವಾ ವಿಳಾಸ ಪರಸ್ಪರ ಹೊಂದದಿರುವುದು ಸಾಮಾನ್ಯವಾಗಿ ಎದುರಾಗುವ ತೊಡಕು.

ಕಾನೂನಿನ ಹಿನ್ನೆಲೆ

1967ಕ್ಕೆ ಮೊದಲು ಪಾಸ್‌ಪೋರ್ಟ್ ನೀಡುವುದು ಅಥವಾ ನಿರಾಕರಿಸುವುದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1967ರ ಏಪ್ರಿಲ್ 10ರಂದು ತೀರ್ಪು ನೀಡಿ, ವಿದೇಶಕ್ಕೆ ತೆರಳುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ಬಹುಮತದಿಂದ ಹೇಳಿತು. ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟನ್ನು ನಿರಾಕರಿಸುವಂತಿಲ್ಲ ಎಂಬುದು ಇದರಿಂದ ಸ್ಥಾಪಿತವಾಯಿತು. ಅದೇ ವರ್ಷ ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂದಿತು. ಈ ದಿನವನ್ನು ಪಾಸ್‌ಪೋರ್ಟ್ ಸೇವಾ ದಿವಸವೆಂದು ಆಚರಿಸಲಾಗುತ್ತದೆ.

1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಮುಟ್ಟುಗೋಲು ಹಾಕಿಕೊಂಡ ಸರ್ಕಾರವು ಅದಕ್ಕೆ ಕಾರಣ ತಿಳಿಸಲು ನಿರಾಕರಿಸಿತು. 1978ರ ಜನವರಿ 25ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವೈಯಕ್ತಿಕ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾರ್ಯವಿಧಾನವು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಹೇಳಿತು. ಪಾಸ್‌ಪೋರ್ಟ್ ವಿವಾದವೊಂದರಿಂದ ಹುಟ್ಟಿದ ಈ ತೀರ್ಪು ಭಾರತದ ಸಂವಿಧಾನ ಅಧ್ಯಯನದಲ್ಲಿ ಪ್ರಮುಖ ಸ್ಥಾನ ಪಡೆದಿದೆ.

ವಿಧಗಳು

* ಸಾಮಾನ್ಯ ಪಾಸ್‌ಪೋರ್ಟ್: ಕಡುನೀಲಿ ಹೊದಿಕೆಯದು, ಸಾಮಾನ್ಯ ನಾಗರಿಕರಿಗೆ ನೀಡಲಾಗುತ್ತದೆ. ಇದರಲ್ಲಿ 36 ಅಥವಾ 60 ಪುಟಗಳಿರುತ್ತವೆ.
* ಅಧಿಕೃತ ಪಾಸ್‌ಪೋರ್ಟ್: ಬಿಳಿ ಹೊದಿಕೆಯದು, ಸರ್ಕಾರಿ ಕೆಲಸದ ಮೇಲೆ ವಿದೇಶಕ್ಕೆ ತೆರಳುವವರಿಗೆ ನೀಡಲಾಗುತ್ತದೆ.
* ರಾಜತಾಂತ್ರಿಕ ಪಾಸ್‌ಪೋರ್ಟ್: ಕಡುಗೆಂಪು ಹೊದಿಕೆಯದು, ರಾಜತಾಂತ್ರಿಕರಿಗೆ ಹಾಗೂ ಉನ್ನತ ಹುದ್ದೆಯಲ್ಲಿರುವವರಿಗೆ ನೀಡಲಾಗುತ್ತದೆ.

ವಯಸ್ಕರ ಸಾಮಾನ್ಯ ಪಾಸ್‌ಪೋರ್ಟಿನ ಅವಧಿ 10 ವರ್ಷ. ಅಪ್ರಾಪ್ತ ವಯಸ್ಕರಿಗೆ 5 ವರ್ಷ ಅಥವಾ 18 ವರ್ಷ ತುಂಬುವವರೆಗೆ, ಇವೆರಡರಲ್ಲಿ ಮೊದಲು ಬರುವ ದಿನದವರೆಗೆ ಅದು ಊರ್ಜಿತವಾಗಿರುತ್ತದೆ. 15ರಿಂದ 18 ವರ್ಷದವರು 10 ವರ್ಷದ ಪುಸ್ತಿಕೆಯನ್ನೂ ಕೋರಬಹುದು. 2024ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇ-ಪಾಸ್‌ಪೋರ್ಟಿನಲ್ಲಿ ಮಾಹಿತಿಯನ್ನು ಸಂಗ್ರಹಿಸಿಡುವ ಚಿಪ್ ಇದ್ದು, ಹೊದಿಕೆಯ ಮೇಲೆ ಚಿನ್ನದ ಬಣ್ಣದ ಚಿಹ್ನೆಯಿರುತ್ತದೆ. ಹಳೆಯ ಮಾದರಿಯ ಪುಸ್ತಿಕೆಗಳು ತಮ್ಮ ಅವಧಿ ಮುಗಿಯುವವರೆಗೆ ಊರ್ಜಿತವಾಗಿರುತ್ತವೆ.

ಅರ್ಜಿ ಸಲ್ಲಿಸುವ ವಿಧಾನ

ಹಿಂದೆ ಅರ್ಜಿದಾರರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯಲ್ಲಿ ಸರದಿ ನಿಂತು ಅರ್ಜಿ ಸಲ್ಲಿಸಬೇಕಾಗಿತ್ತು. ವಿದೇಶಾಂಗ ಸಚಿವಾಲಯವು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಹಯೋಗದಲ್ಲಿ ಪಾಸ್‌ಪೋರ್ಟ್ ಸೇವಾ ಯೋಜನೆಯನ್ನು ರೂಪಿಸಿ, 2010ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಪ್ರಾಯೋಗಿಕ ಹಂತದ ನಗರಗಳಲ್ಲಿ ಬೆಂಗಳೂರು ಒಂದಾಗಿತ್ತು. 2012ರ ವೇಳೆಗೆ ದೇಶದಾದ್ಯಂತ 77 ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಸ್ಥಾಪನೆಯಾದವು. ದೂರದ ಜಿಲ್ಲೆಗಳ ಜನರ ಅಲೆದಾಟವನ್ನು ತಗ್ಗಿಸಲು ಅಂಚೆ ಕಚೇರಿಗಳಲ್ಲಿಯೂ ಸೇವಾ ಕೇಂದ್ರಗಳನ್ನು ತೆರೆಯಲಾಯಿತು. ಇದರ ಪ್ರಾಯೋಗಿಕ ಕೇಂದ್ರಗಳು 2017ರ ಜನವರಿ 25ರಂದು ಕರ್ನಾಟಕದ ಮೈಸೂರು ಹಾಗೂ ಗುಜರಾತಿನ ದಾಹೋದ್‌ಗಳಲ್ಲಿ ಉದ್ಘಾಟನೆಗೊಂಡವು. ಕರ್ನಾಟಕದ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯು ಬೆಂಗಳೂರಿನ ಕೋರಮಂಗಲದಲ್ಲಿದೆ.

ಅರ್ಜಿದಾರರು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಅರ್ಜಿ ತುಂಬಿ, ಶುಲ್ಕ ಪಾವತಿಸಿ ಭೇಟಿಯ ದಿನಾಂಕವನ್ನು ಕಾಯ್ದಿರಿಸಬೇಕು. ಅಧಿಕೃತ ಜಾಲತಾಣವನ್ನು ಹೋಲುವ ನಕಲಿ ತಾಣಗಳು ಹೆಚ್ಚುವರಿ ಹಣ ಪಡೆದು ವಂಚಿಸುವ ಬಗ್ಗೆ ಸಚಿವಾಲಯವು ಎಚ್ಚರಿಕೆ ನೀಡಿದೆ. ನಿಗದಿತ ದಿನ ಮೂಲ ದಾಖಲೆಗಳೊಂದಿಗೆ ಕೇಂದ್ರಕ್ಕೆ ಹಾಜರಾಗಬೇಕು. ಸೇವಾ ಕೇಂದ್ರದಲ್ಲಿ ಮೂರು ಹಂತಗಳಿವೆ:

* 'ಎ' ಕೌಂಟರ್: ದಾಖಲೆಗಳ ಸ್ಕ್ಯಾನಿಂಗ್, ಭಾವಚಿತ್ರ ಮತ್ತು ಬೆರಳಚ್ಚು ಸಂಗ್ರಹ.
* 'ಬಿ' ಕೌಂಟರ್: ಪರಿಶೀಲನಾಧಿಕಾರಿಯಿಂದ ಮೂಲ ದಾಖಲೆಗಳ ಪರಿಶೀಲನೆ.
* 'ಸಿ' ಕೌಂಟರ್: ಮಂಜೂರಾತಿ ಅಧಿಕಾರಿಯ ತೀರ್ಮಾನ.

ಹೊಸ ಪಾಸ್‌ಪೋರ್ಟಿನ ಶುಲ್ಕವು 36 ಪುಟಗಳ ಪುಸ್ತಿಕೆಗೆ 1,500 ರೂಪಾಯಿ ಮತ್ತು 60 ಪುಟಗಳದ್ದಕ್ಕೆ 2,000 ರೂಪಾಯಿ. ತುರ್ತಾಗಿ ಬೇಕಾದವರು ತತ್ಕಾಲ್ ಯೋಜನೆಯಡಿ 2,000 ರೂಪಾಯಿ ಹೆಚ್ಚುವರಿ ಶುಲ್ಕ ತೆರಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಮರುವಿತರಣೆಗೆ ಅರ್ಜಿ ಸಲ್ಲಿಸಬಹುದು.

ದಾಖಲೆಗಳು ಮತ್ತು ನಿಯಮಗಳ ಸಡಿಲಿಕೆ

1989ರ ಜನವರಿ 26ರಂದು ಅಥವಾ ಅನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರ ಹಿಂದೆ ಕಡ್ಡಾಯವಾಗಿತ್ತು. ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿಯಾಗದವರಿಗೆ ಇದು ದೊಡ್ಡ ಅಡ್ಡಿಯಾಗಿತ್ತು. 2016ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಶಾಲಾ ವರ್ಗಾವಣೆ ಪತ್ರ, ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಆಧಾರ್ ಮುಂತಾದವನ್ನೂ ಜನ್ಮ ದಿನಾಂಕದ ಪುರಾವೆಯಾಗಿ ಒಪ್ಪಿಕೊಂಡವು. ತಂದೆ ಅಥವಾ ತಾಯಿ ಇವರಲ್ಲಿ ಒಬ್ಬರ ಹೆಸರನ್ನಷ್ಟೇ ನೀಡಲು ಅವಕಾಶವಾಯಿತು; ವಿವಾಹ ಪ್ರಮಾಣಪತ್ರ ಸಲ್ಲಿಸುವ ಅಗತ್ಯವೂ ಇಲ್ಲವಾಯಿತು. ಒಂಟಿ ಪೋಷಕರಿಗೆ ಮತ್ತು ಪತಿಯಿಂದ ಬೇರ್ಪಟ್ಟ ಮಹಿಳೆಯರಿಗೆ ಇದರಿಂದ ಅನುಕೂಲವಾಯಿತು. ಆದರೆ 2025ರ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಆದ್ದರಿಂದ ಈ ಮಕ್ಕಳ ಜನನ ನೋಂದಣಿಗೆ ವಿಶೇಷ ಮಹತ್ವ ಬಂದಿದೆ.

ಬಾಡಿಗೆ ಮನೆಯಲ್ಲಿ ವಾಸಿಸುವವರಿಗೆ ವಿಳಾಸದ ಪುರಾವೆ ಒದಗಿಸುವುದು ಕಷ್ಟವಾಗುವುದುಂಟು. ಬಾಡಿಗೆ ಕರಾರನ್ನು ಪುರಾವೆಯಾಗಿ ನೀಡುವುದಾದರೆ ಅದು ನೋಂದಾಯಿತವಾಗಿರಬೇಕು. 2018ರಿಂದ ದೇಶದ ಯಾವುದೇ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿ ನೀಡಿದ ವಿಳಾಸದಲ್ಲಿ ನಡೆಯುತ್ತದೆ.

ಹೆಸರಿನ ತೊಡಕು

ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಉಪನಾಮಗಳಿಗೆ ಪ್ರತ್ಯೇಕ ಸ್ಥಳಗಳಿವೆ. ಅರ್ಜಿಯಲ್ಲಿ ಇನಿಶಿಯಲ್‌ಗಳನ್ನು ವಿಸ್ತರಿಸಿ ಬರೆಯಬೇಕು. ಕರ್ನಾಟಕದಲ್ಲಿ, ಮುಖ್ಯವಾಗಿ ಹಳೆಯ ಮೈಸೂರು ಭಾಗದಲ್ಲಿ, ಉಪನಾಮದ ಬದಲು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬಳಸುವ ರೂಢಿಯಿದೆ. ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್. ಎಸ್.' ಎಂದಿರುವ ವ್ಯಕ್ತಿ ಆಧಾರ್‌ನಲ್ಲಿ ಕೇವಲ 'ಮಂಜುನಾಥ' ಎಂದಿರಬಹುದು. ಇಂಗ್ಲಿಷ್ ಅಕ್ಷರ ಜೋಡಣೆಯೂ ಒಂದೊಂದರಲ್ಲಿ ಒಂದೊಂದು ಬಗೆಯಾಗಿರಬಹುದು. ಇಂತಹ ವ್ಯತ್ಯಾಸಗಳಿದ್ದಾಗ ದಾಖಲೆಯನ್ನು ಮೊದಲು ತಿದ್ದಿಸಿಕೊಂಡು ಮತ್ತೆ ಹಾಜರಾಗಬೇಕಾಗಬಹುದು.

ಉಪನಾಮವಿಲ್ಲದೆ ಒಂದೇ ಪದದ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರಿಗೆ ವಿದೇಶದಲ್ಲಿ ಬೇರೆ ಸಮಸ್ಯೆ ಎದುರಾಗಬಹುದು. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನ ಪಾಸ್‌ಪೋರ್ಟ್ ಹೊಂದಿದವರ ಪ್ರವಾಸಿ ಮತ್ತು ಭೇಟಿ ವೀಸಾಗಳಿಗೆ ನಿರ್ಬಂಧ ವಿಧಿಸಿತು. ಪುಸ್ತಿಕೆಯ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಅನುಮತಿಸಲಾಗುವುದೆಂದು ಬಳಿಕ ಸ್ಪಷ್ಟಪಡಿಸಲಾಯಿತು.

ಪೊಲೀಸ್ ಪರಿಶೀಲನೆ ಮತ್ತು ನಿರಾಕರಣೆ

ಅರ್ಜಿದಾರರ ಪೌರತ್ವ ಮತ್ತು ಅಪರಾಧ ಹಿನ್ನೆಲೆಯ ಕುರಿತು ಪೊಲೀಸರು ವರದಿ ನೀಡುತ್ತಾರೆ. ಪರಿಶೀಲನೆಯು ಪ್ರಕರಣಕ್ಕೆ ಅನುಗುಣವಾಗಿ ವಿತರಣೆಯ ಮೊದಲು ಅಥವಾ ಅನಂತರ ನಡೆಯುತ್ತದೆ. ಕೆಲವರಿಗೆ ಅದು ಅಗತ್ಯವಿರುವುದಿಲ್ಲ. ಕ್ರಿಮಿನಲ್ ಪ್ರಕರಣದ ವಿಚಾರಣೆ ಬಾಕಿಯಿರುವವರು ಸಂಬಂಧಪಟ್ಟ ನ್ಯಾಯಾಲಯದ ಅನುಮತಿ ಪಡೆದು ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ತಿರಸ್ಕರಿಸಿದಾಗ ಪ್ರಾಧಿಕಾರವು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಕಾಯ್ದೆಯಲ್ಲಿ ಹೇಳಿದ ವಿನಾಯಿತಿಗಳನ್ನು ಹೊರತುಪಡಿಸಿ, ಅರ್ಜಿದಾರರು ಕೇಳಿದರೆ ಅದರ ವಿವರ ನೀಡಬೇಕು. ತಿರಸ್ಕಾರದ ವಿರುದ್ಧ ಮೇಲ್ಮನವಿಗೆ ಅವಕಾಶವಿದೆ. ಸುಳ್ಳು ಮಾಹಿತಿ ನೀಡುವುದು ಶಿಕ್ಷಾರ್ಹ ಅಪರಾಧ.

ವಲಸೆ ಪರಿಶೀಲನೆ

1983ರ ವಲಸೆ ಕಾಯ್ದೆಯಡಿ, ಹತ್ತನೇ ತರಗತಿ ಉತ್ತೀರ್ಣರಾಗದ ಹಲವರ ಪಾಸ್‌ಪೋರ್ಟ್‌ಗಳು 'ವಲಸೆ ಪರಿಶೀಲನೆ ಅಗತ್ಯ' ವರ್ಗಕ್ಕೆ ಸೇರುತ್ತವೆ. ಇಂಥವರು ಸೌದಿ ಅರೇಬಿಯಾ, ಕುವೈತ್, ಕತಾರ್, ಮಲೇಷ್ಯಾ ಸೇರಿದಂತೆ ನಿಗದಿತ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮೊದಲು ವಲಸಿಗರ ಸಂರಕ್ಷಕರ ಅನುಮತಿ ಪಡೆಯಬೇಕು. ಕಡಿಮೆ ಓದಿದ ಕಾರ್ಮಿಕರು ಶೋಷಣೆಗೆ ಒಳಗಾಗದಂತೆ ತಡೆಯುವುದು ಇದರ ಉದ್ದೇಶ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವ ಕರಾವಳಿ ಕರ್ನಾಟಕದ ಜನರಿಗೂ ಈ ನಿಯಮ ಅನ್ವಯಿಸುತ್ತದೆ.

ವಿಮಾನ ಪ್ರಯಾಣ ಮತ್ತು ಆನ್‌ಲೈನ್ ಚೆಕ್-ಇನ್

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದಿಕೆಯಾಗಬೇಕು. ಹಲವು ದೇಶಗಳು ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಊರ್ಜಿತವಾಗಿರಬೇಕೆಂದು ಬಯಸುತ್ತವೆ. ಷೆಂಗೆನ್ ದೇಶಗಳ ಅಲ್ಪಾವಧಿ ಭೇಟಿಗೆ, ಅಲ್ಲಿಂದ ಹೊರಡುವ ದಿನದ ಅನಂತರ ಮೂರು ತಿಂಗಳ ಅವಧಿ ಉಳಿದಿರಬೇಕು. ಸೂಕ್ತ ದಾಖಲೆಗಳಿಲ್ಲದವರನ್ನು ಕರೆತಂದ ವಿಮಾನಯಾನ ಸಂಸ್ಥೆಗೆ ದಂಡ ವಿಧಿಸುವ ಕಾನೂನುಗಳು ಹಲವು ದೇಶಗಳಲ್ಲಿರುವುದರಿಂದ, ವಿಮಾನ ಹತ್ತುವ ಮೊದಲೇ ಸಂಸ್ಥೆಗಳು ದಾಖಲೆಗಳನ್ನು ಪರಿಶೀಲಿಸುತ್ತವೆ. ಹೀಗಾಗಿ ಅಗ್ಗದ ದರದ ವಿಮಾನಗಳಲ್ಲಿ ಆನ್‌ಲೈನ್ ಚೆಕ್-ಇನ್ ಮುಗಿಸಿದ್ದರೂ ಕೆಲಸ ಅಲ್ಲಿಗೇ ಪೂರ್ಣವಾಗುವುದಿಲ್ಲ. ಉದಾಹರಣೆಗೆ, ಐರ್ಲೆಂಡಿನ ರಯಾನ್‌ಏರ್ ವಿಮಾನಗಳಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ಪಾಸ್‌ಪೋರ್ಟ್ ಹೊಂದಿದವರು ನಿಲ್ದಾಣದಲ್ಲಿ ವೀಸಾ ಮತ್ತು ದಾಖಲೆ ಪರಿಶೀಲನೆಗೆ ಒಳಪಡಬೇಕಾಗುತ್ತದೆ. ಯುರೋಪಿನಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳು ಇದಕ್ಕೆ ಬೇಕಾದ ಸಮಯವನ್ನು ಮೊದಲೇ ಲೆಕ್ಕಹಾಕಿಕೊಳ್ಳಬೇಕಾಗುತ್ತದೆ.

ಇವನ್ನೂ ನೋಡಿ

* ವೀಸಾ
* ಭಾರತದ ಪೌರತ್ವ
* ಮೂಲಭೂತ ಹಕ್ಕುಗಳು
* ಆಧಾರ್