ನಾಲ್ಕು ಬದಿ ಅಳೆದರೆ ಸಾಲದು

ಕೋಪರಖೈರಣೆಯ ಸೆಕ್ಟರುಗಳಲ್ಲಿ ಓಡಾಡಿದವರಿಗೆ ಗೊತ್ತು, ಇಲ್ಲಿ ರಸ್ತೆ, ಪ್ಲಾಟು, ಮನೆ ಎಲ್ಲವೂ ಸ್ಕೇಲಿಟ್ಟು ಗೆರೆ ಎಳೆದಂತಿವೆ. 1970ರಲ್ಲಿ ಹುಟ್ಟಿದ ಸಿಡ್ಕೊ ನಕ್ಷೆಯ ಮೇಲೆ ಬರೆದ ಆಯತಗಳಿವು. ಆದರೆ ಪಕ್ಕದ ಹಳೆಯ ಊರುಗಳ ಗಾವಠಾಣ ಹೊಕ್ಕರೆ ಮೂಲೆಗಳು ಓರೆಯಾಗುತ್ತವೆ. ಉದ್ದವನ್ನು ಅಗಲದಿಂದ ಗುಣಿಸುವ ಶಾಲೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಈ ಲೆಕ್ಕ ನನ್ನ ಜೇಬಿಗೇ ಬಂದದ್ದು ಕಳೆದ ವರ್ಷ. ಊರಲ್ಲಿ ಒಂದು ತುಂಡು ಜಾಗ ತೋರಿಸಿದವರು, "ನಾಲ್ಕೂ ಬದಿ ಟೇಪು ಹಿಡಿದು ಅಳೆದಿದೀವಿ ಸಾರ್. ನೂರು, ಅರವತ್ತು, ನೂರು, ಅರವತ್ತು. ಆರು ಸಾವಿರ ಚದರಡಿ, ಐದೂವರೆ ಗುಂಟೆ" ಎಂದರು. ನಾನೂ ತಲೆಯಾಡಿಸಿದೆ. ಎಂಟೆಕ್ ಓದಿದ ತಲೆ!

ಆಮೇಲೆ ನೆನಪಾದವನು ಮಹಾವೀರಾಚಾರ್ಯ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದವನು. ಗ್ರಂಥದ ಆರಂಭದಲ್ಲೇ ಆ ದೊರೆಯನ್ನು ಹೊಗಳಿದ್ದಾನೆ. ಅವನು ನಮಗೆ ದೂರದವನೇನಲ್ಲ. ಠಾಣೆ ಖಾಡಿಯ ಆಚೆ ದಡದ ಕನ್ಹೇರಿ ಗುಹೆಗಳಲ್ಲಿ ಅಮೋಘವರ್ಷನ ಹೆಸರಿರುವ ಶಾಸನಗಳಿವೆ. ಈ ಕೊಂಕಣವನ್ನು ಅವನ ಸಾಮಂತರಾಗಿ ಆಳಿದವರು ಶಿಲಾಹಾರರು.

ಮಹಾವೀರ ಕ್ಷೇತ್ರಗಣಿತದಲ್ಲಿ ಎರಡು ಬಗೆಯ ಫಲ ಹೇಳುತ್ತಾನೆ: ವ್ಯಾವಹಾರಿಕ ಮತ್ತು ಸೂಕ್ಷ್ಮ. ನಾಲ್ಕು ಬದಿಯ ಹೊಲಕ್ಕೆ ವ್ಯಾವಹಾರಿಕ ಲೆಕ್ಕ ಸುಲಭ. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಆ ಎರಡು ಅರ್ಧಗಳನ್ನು ಗುಣಿಸು. ಪ್ರಾಚೀನ ಈಜಿಪ್ಟಿನಲ್ಲೂ ಬಳಕೆಯಲ್ಲಿದ್ದ ಲೆಕ್ಕವಿದು. ಎಡ್‌ಫು ದೇವಾಲಯದ ಗೋಡೆಯ ಮೇಲೆ ದತ್ತಿ ಭೂಮಿಗಳ ಅಳತೆ ಹೀಗೇ ಕೆತ್ತಿದೆ. ಆಯತಕ್ಕೆ ಅದು ಸರಿಯುತ್ತರ ಕೊಡುತ್ತದೆ. ಮಿಕ್ಕ ಎಲ್ಲ ಚತುರ್ಭುಜಗಳಿಗೆ ನಿಜಕ್ಕಿಂತ ಹೆಚ್ಚನ್ನೇ ಕೊಡುತ್ತದೆ, ಕಡಿಮೆಯನ್ನು ಎಂದೂ ಕೊಡುವುದಿಲ್ಲ. ಈ ಲೆಕ್ಕದ ಮೇಲೆ ಕಂದಾಯ ಕಟ್ಟಿದರೆ ನಷ್ಟ ರೈತನಿಗೆ, ಮಾರಿದರೆ ನಷ್ಟ ಕೊಂಡವನಿಗೆ. ಇದು ಅಂದಾಜು ಎಂದು ಹೆಸರಿನಲ್ಲೇ ಹೇಳಿದ್ದು ಮಹಾವೀರನ ಪ್ರಾಮಾಣಿಕತೆ.

ಸೂಕ್ಷ್ಮಕ್ಕೆ ಅವನು ಕೊಡುವುದು 628ರಲ್ಲಿ ಬ್ರಹ್ಮಗುಪ್ತ ಹೇಳಿದ್ದ ವರ್ಗಮೂಲದ ಸೂತ್ರ. ಅದಕ್ಕೂ ಒಂದು ಮಿತಿಯಿದೆ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬಿದ್ದರೆ ಮಾತ್ರ ಅದು ನಿಜ. ನನ್ನ ಜಾಗದ ನಾಲ್ಕು ಸಂಖ್ಯೆ ಹಾಕಿದರೆ ಅದೂ ಆರು ಸಾವಿರವೆಂದೇ ಹೇಳುತ್ತದೆ! ಯಾಕೆಂದರೆ ನಾಲ್ಕು ಬದಿಗಳು ಒಂದು ಜಾಗವನ್ನು ಹಿಡಿದಿಡುವುದಿಲ್ಲ. ಮಂಚದ ಚೌಕಟ್ಟಿನ ಕೀಲು ಸಡಿಲವಾದಾಗ ನೋಡಿ: ಪಟ್ಟಿಗಳ ಉದ್ದ ಅಷ್ಟೇ ಇರುತ್ತದೆ, ಚೌಕಟ್ಟು ವಾಲುತ್ತದೆ, ಒಳಗಿನ ಜಾಗ ಕುಗ್ಗುತ್ತದೆ. 1150ರ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯ ಇದನ್ನೇ ಹಿಡಿದು, ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಫಲ ಕೇಳುವವನನ್ನೂ ಹೇಳುವವನನ್ನೂ ಪಿಶಾಚಿಗಳ ಸಾಲಿಗೆ ಸೇರಿಸಿದ್ದಾನೆ.

ಅದೇ 12ನೆಯ ಶತಮಾನದಲ್ಲಿ ಈ ವಿದ್ಯೆಯನ್ನು ಕನ್ನಡಕ್ಕೆ ತಂದವನು ರಾಜಾದಿತ್ಯ. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಎಂಬ ಅವನ ಗ್ರಂಥಗಳ ಹೆಸರೇ ಸಾಕು, ಹೊಲ ಅಳೆಯುವವರಿಗೂ ಅಂಗಡಿ ನಡೆಸುವವರಿಗೂ ಲೆಕ್ಕ ತಮ್ಮ ನುಡಿಯಲ್ಲೇ ಬೇಕಿತ್ತೆಂದು ತಿಳಿಯಲು.

ಮುಂದೆ ಮುಂಬೈ ಪ್ರಾಂತದ ಸರ್ವೆಯವರು 33 ಅಡಿಯ ಸರಪಳಿ ಹಿಡಿದು ಬಂದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅದೇ ಗುಂಟೆ: 1089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಧಾರವಾಡದಲ್ಲೂ ಠಾಣೆಯಲ್ಲೂ ಜನ ಇಂದಿಗೂ ಹೇಳುವ ಗುಂಟೆ ಇದೇ. ಸರಪಳಿಯ ಸರ್ವೆ ಬದಿಗಳನ್ನಷ್ಟೇ ನಂಬುವುದಿಲ್ಲ. ಹೊಲದ ನಡುವೆ ಗೆರೆ ಹಾಯಿಸಿ, ಅದರಿಂದ ಮೂಲೆಗಳಿಗೆ ಲಂಬ ಹಿಡಿದು, ತುಂಡು ತುಂಡಾಗಿ ಲೆಕ್ಕ ಹಾಕುತ್ತದೆ.

ನಾನು ಊರಿಗೆ ಫೋನು ಮಾಡಿ, "ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಸಿ" ಎಂದೆ. ಆಯತವಾಗಿದ್ದರೆ ಸುಮಾರು 116 ಅಡಿ ಬರಬೇಕಿತ್ತು. ಬಂದದ್ದು 80. ಅಂದರೆ 60, 80, 100 ಅಡಿಯ ಎರಡು ಲಂಬಕೋನ ತ್ರಿಕೋನಗಳು, ಒಂದೊಂದೂ 2400. ಒಟ್ಟು 4800 ಚದರಡಿ. ಇಲ್ಲದ 1200 ಅಡಿ, ಅಂದರೆ ಒಂದು ಇಡೀ ಮೂವತ್ತು-ನಲವತ್ತು ಸೈಟು, ಬರೀ ಗುಣಾಕಾರದಲ್ಲಿ ಹುಟ್ಟಿತ್ತು.

ಅವರು ಮೋಸ ಮಾಡಿರಲಿಲ್ಲ. ಅಳೆದದ್ದೆಲ್ಲ ನಿಜವೇ. "ಅಡ್ಡಗೆರೆ ಯಾರು ಅಳೀತಾರೆ ಸಾರ್?" ಎಂದು ಅವರೇ ಬೆರಗಾದರು. ಮುಂದಿನ ಮಾತುಕತೆ 4800 ಅಡಿಗೇ ನಡೆಯಿತು.

ನಮ್ಮಲ್ಲಿ ಬಹಳ ಜನ ಇಲ್ಲೇ ಕೂತು, ಫೋನಿನಲ್ಲೇ ಊರಿನ ಜಾಗ ಕೊಳ್ಳುತ್ತೇವೆ, ಅಣ್ಣತಮ್ಮಂದಿರ ಪಾಲು ಒಪ್ಪುತ್ತೇವೆ. ನಾಲ್ಕು ಬದಿ ಹೇಳಿದವರನ್ನು ಐದನೆಯ ಅಳತೆಯೊಂದನ್ನೂ ಕೇಳಿ.