1 ಆದ ಮೇಲೆ 10 ಬಂದದ್ದು ಹೇಗೆ?

ಎರಡು ಮಳೆಗಾಲದ ಹಿಂದಿನ ಮಾತು. ತೋಟ ಹಾಳಾದವರ ಪಟ್ಟಿ ವೆಬ್‌ಸೈಟಿನಲ್ಲಿ ಬಂದಿತ್ತು. ಪಕ್ಕದ ಮನೆಯ ಅಕ್ಕ ಫೋನ್ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದರು. "ನೋಡು ಮಾರಾಯ, 1 ಆದ ಕೂಡಲೇ 10 ಬಂದಿದೆ. ನಮ್ಮ 9ನೇ ಸರ್ವೆ ನಂಬರ್ ಬಿಟ್ಟೇ ಬಿಟ್ಟಿದ್ದಾರೆ."

ತಕರಾರು ಕೊಡಲು ಎರಡೇ ದಿನ ಉಳಿದಿತ್ತು. ಅರ್ಜಿ ಬರೆಯಲು ಕೂತೆವು. ಯಾವುದಕ್ಕೂ ಇರಲಿ ಎಂದು ಪಟ್ಟಿಯನ್ನು ಕೊನೆಯವರೆಗೆ ಸರಿಸಿದೆ. 89 ಆದ ಮೇಲೆ, ಕೊನೆಯ ಪುಟದಲ್ಲಿ 9 ಕೂತಿತ್ತು!

ಯಾರೂ ಬಿಟ್ಟಿರಲಿಲ್ಲ. ಕಂಪ್ಯೂಟರ್ ಸರ್ವೆ ನಂಬರನ್ನು ಲೆಕ್ಕದ ಸಂಖ್ಯೆಯಾಗಿ ಓದದೆ ಪದದಂತೆ ಓದಿತ್ತು. ಪದವಾದರೆ ಮೊದಲ ಅಕ್ಷರವೇ ಮುಖ್ಯ. ಹಾಗಾಗಿ 1ರಿಂದ ಶುರುವಾಗುವ 10, 100, 11 ಎಲ್ಲ ಮೊದಲು, 2 ಆಮೇಲೆ, 9 ಕಟ್ಟಕಡೆಗೆ.

ಕಾಗದದ ಕಾಲದಲ್ಲಿ ಈ ಗೋಳು ಇರಲಿಲ್ಲ. ವಂಶಪಾರಂಪರ್ಯ ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು, ಗ್ರಾಮ ಲೆಕ್ಕಿಗರು ಬಂದರು. ಬರೆಯುವ ಕೈ ಬದಲಾದರೂ ಪುಸ್ತಕದಲ್ಲಿ 8 ಆದ ಮೇಲೆ 9 ಬರುತ್ತಿತ್ತು. ಬರೆಯುವವರಿಗೂ ಓದುವವರಿಗೂ ಗೊತ್ತಿದ್ದ ಸಾಲು ಒಂದೇ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರ್ ಸೇರಿತು. ಆನ್‌ಲೈನಿನಲ್ಲಿ ಪಹಣಿ ನೋಡಿದವರಿಗೆ ಗೊತ್ತು, ಅಲ್ಲಿ ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಂದು ಮೂರು ಬೇರೆ ಬೇರೆ ಖಾನೆ ಇದೆ. ಹೀಗೆ ಬಿಡಿಸಿಟ್ಟರೆ ಪ್ರತಿಯೊಂದನ್ನೂ ಅದರದೇ ರೀತಿಯಲ್ಲಿ ಜೋಡಿಸಬಹುದು. 12/10 ಎಂದು ಒಂದೇ ಖಾನೆಗೆ ತುಂಬಿ ಪದದಂತೆ ಜೋಡಿಸಿದರೆ ಅದು 12/2ಕ್ಕಿಂತ ಮುಂದೆ ಹೋಗಿ ಕೂರುತ್ತದೆ.

ಹೆಸರಿನ ಕತೆ ಇನ್ನೂ ಹಳೆಯದು. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. 'ಳ' ಕೊನೆಗೆ. ಆದರೆ ಭಾರತದ ಹಲವು ಲಿಪಿಗಳಿಗೆ ಒಂದೇ ಚೌಕಟ್ಟು ಇರಲಿ ಎಂದು 1980ರ ದಶಕದಲ್ಲಿ 'ಇಸ್ಕಿ' ಎಂಬ ಸಂಕೇತ ಪಟ್ಟಿ ಮಾಡಿದಾಗ 'ಳ'ವನ್ನು 'ಲ'ದ ಪಕ್ಕ ಕೂರಿಸಿದರು. 1991ರಲ್ಲಿ ಬಂದ ಯೂನಿಕೋಡ್ ಅದೇ ಸಾಲನ್ನು ತೆಗೆದುಕೊಂಡಿತು. ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸಿದರೆ ಈಗಲೂ 'ಕಳಸ' ಮೊದಲು, 'ಕವಿತಾ' ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಇದು ಉಲ್ಟಾ.

ನಮ್ಮ ಊರನ್ನೇ ತೆಗೆದುಕೊಳ್ಳಿ. ಮೊದಲು ಇದು ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದ ನೆನಪಿಗೆ ನರಸಿಂಹರಾಜಪುರ ಆಯಿತು. ಜಿಲ್ಲೆಯ 9 ತಾಲ್ಲೂಕುಗಳನ್ನು ಅಕಾರಾದಿಯಲ್ಲಿ ಬರೆದರೆ ನಮ್ಮದು ತರೀಕೆರೆ ಆದ ಮೇಲೆ, 7ನೆಯದು. ಆದರೆ ನಾವು ಕರೆಯುವಂತೆ 'ಎನ್.ಆರ್. ಪುರ' ಎಂದು ಬರೆದರೆ ಅಜ್ಜಂಪುರದ ಬೆನ್ನಿಗೆ, 2ನೆಯದು. ಹಳೆಯ ಎಡೇಹಳ್ಳಿ ಎಲ್ಲಿ ಇರುತ್ತಿತ್ತೋ ಅಲ್ಲಿಗೇ ವಾಪಸ್! ಊರು ಕದಲಿಲ್ಲ, ಹುಡುಕುವ ಜಾಗ ಮಾತ್ರ ಬದಲಾಯಿತು.

ಇದನ್ನು ಸರಿ ಮಾಡುವುದು ದೊಡ್ಡ ಕೆಲಸವಲ್ಲ. ಯಾವ ಕಾಲಂ ಸಂಖ್ಯೆ, ಯಾವುದು ತಾರೀಕು, ಯಾವುದು ಕನ್ನಡ ಹೆಸರು ಎಂದು ವೆಬ್‌ಸೈಟ್ ಮಾಡುವವರು ಬೇರೆ ಬೇರೆಯಾಗಿ ಹೇಳಿಕೊಡಬೇಕು. ಅಂಕಿಯನ್ನು ಸಂಖ್ಯೆಯಾಗಿಯೇ ಓದುವ ಸೌಲಭ್ಯ ಈಗಿನ ಬ್ರೌಸರ್‌ಗಳಲ್ಲೇ ಇದೆ. ತಾರೀಕನ್ನೂ ಪದದಂತೆ ಬಿಟ್ಟರೆ 01-12-2019 ಮೊದಲು ಬಂದು, 02-01-2018 ಆಮೇಲೆ ಬರುತ್ತದೆ. ಯಾರ ಅರ್ಜಿ ಮೊದಲು ಬಂತು ಎಂದು ನೋಡುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಪಟ್ಟಿ ಬಂದಾಗ ಮೊದಲ ಪುಟ ನೋಡಿ ಫೋನ್ ಕೆಳಗಿಡಬೇಡಿ. ಹುಡುಕುವ ಜಾಗ ಇದ್ದರೆ ನಂಬರ್ ಹಾಕಿ ನೋಡಿ, ಇಲ್ಲದಿದ್ದರೆ ಕೊನೆಯ ಪುಟದವರೆಗೂ ಹೋಗಿ. ಮುಂದಿನ ಗ್ರಾಮಸಭೆಯಲ್ಲಿ ಒಂದು ಮಾತು ಎತ್ತಿ: ಪಟ್ಟಿ ನಮಗೆ ಓದಲು ಬರುವ ಸಾಲಿನಲ್ಲಿ ಇರಲಿ.

ಅಕ್ಕನ ಅರ್ಜಿ ಬರೆಯುವ ಅಗತ್ಯ ಬೀಳಲಿಲ್ಲ. ಆದರೆ 1ರ ಕೆಳಗೆ 10 ನೋಡಿ, ತಮ್ಮದು ಬಿಟ್ಟುಹೋಗಿದೆ ಎಂದು ಸುಮ್ಮನಾದವರು ಎಷ್ಟು ಜನರೋ!