ಮರಳಿ ಹೋಗುವೆನೆಂಬ ಮುಚ್ಚಳಿಕೆ

ಅಮೆರಿಕದ ಕಾಲೇಜು ಸೀಟು ಕೊಟ್ಟಿದೆ. ಖರ್ಚಿಗೆ ಬೇಕಾದ ಹಣ ಬ್ಯಾಂಕಿನಲ್ಲಿದೆ. ಅಂಕಗಳಿಗೂ ಕೊರತೆಯಿಲ್ಲ. ಇಷ್ಟೆಲ್ಲ ಇದ್ದೂ ಹದಿನೇಳು ವರ್ಷದ ಹುಡುಗಿಯೊಬ್ಬಳು ಅಮೆರಿಕನ್ ಕಾನ್ಸುಲೇಟಿನ ಕಿಟಕಿಯಿಂದ ಬರಿಗೈಲಿ ಹಿಂತಿರುಗಬಹುದು. ಅಧಿಕಾರಿ ಹೇಳುವ ಕಾರಣ ಬಹುತೇಕ ಒಂದೇ: ವಲಸೆ ಕಾನೂನಿನ 214(ಬಿ) ಕಲಮು. ಓದು ಮುಗಿದ ಮೇಲೆ ಈಕೆ ತನ್ನ ದೇಶಕ್ಕೆ ಮರಳುತ್ತಾಳೆ ಎಂಬ ನಂಬಿಕೆ ಬರಲಿಲ್ಲ ಎಂಬುದು ಸಾಮಾನ್ಯವಾಗಿ ಅದರ ತಾತ್ಪರ್ಯ.

ಪಿಯುಸಿ ಮುಗಿಸಿದ ಮಕ್ಕಳಿಗೆ ನಾಳೆ ಯಾವ ವಿಷಯ ಓದಬೇಕೆಂಬುದೇ ನಿಶ್ಚಯವಾಗಿರುವುದಿಲ್ಲ. ಅಂಥವರು ನಾಲ್ಕು ವರ್ಷದ ನಂತರ ಎಲ್ಲಿರುತ್ತೇವೆಂದು ಸಿದ್ಧಪಡಿಸಿ ತೋರಿಸುವುದು ಹೇಗೆ? ಕಾನೂನು ಈ ಪ್ರಶ್ನೆಯನ್ನೇಕೆ ಕೇಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ರಹದಾರಿ ಬೇಡದ ಕಾಲ

1872ರಲ್ಲಿ ಚೀನಾ ದೇಶವು ಆಯ್ದ ಬಾಲಕರನ್ನು ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯಕ್ಕೆ ಓದಲು ಕಳುಹಿಸತೊಡಗಿತು. ಯೇಲ್‌ನಲ್ಲಿ 1854ರಲ್ಲೇ ಪದವಿ ಪಡೆದಿದ್ದ ಯುಂಗ್ ವಿಂಗ್ ಎಂಬವರು ಈ ಯೋಜನೆಯ ರೂವಾರಿ. ನಾಲ್ಕು ತಂಡಗಳಲ್ಲಿ ಒಟ್ಟು 120 ಮಕ್ಕಳು ಹೋದರು. ಹೆಚ್ಚಿನವರು ಹನ್ನೆರಡು, ಹದಿಮೂರರ ಪ್ರಾಯದವರು. ಅಮೆರಿಕನ್ ಮನೆಗಳಲ್ಲಿ ಉಳಿದು, ಅಲ್ಲಿಯ ಶಾಲೆಗಳಲ್ಲಿ ಕಲಿತು, ಬೇಸ್‌ಬಾಲ್ ಆಡುತ್ತ ಬೆಳೆದರು. ಅವರಿಗೆ ಯಾವ ವೀಸಾವೂ ಬೇಕಾಗಿರಲಿಲ್ಲ. ಮರಳಿ ಬರಬೇಕೆಂಬ ಕಟ್ಟಳೆ ವಿಧಿಸಿದ್ದು ಕಳುಹಿಸಿದ ಚೀನಾ ಸರ್ಕಾರವೇ ಹೊರತು ಕರೆಸಿಕೊಂಡ ಅಮೆರಿಕವಲ್ಲ. ಹುಡುಗರು ಜಡೆ ಕತ್ತರಿಸಿಕೊಂಡು ಪರಕೀಯರಾಗುತ್ತಿದ್ದಾರೆಂಬ ಭಯ ಒಂದು ಕಡೆ, ತನ್ನ ಸೈನಿಕ ಶಾಲೆಗಳಿಗೆ ಅವರನ್ನು ಸೇರಿಸಿಕೊಳ್ಳಲು ಅಮೆರಿಕ ಒಪ್ಪದಿದ್ದುದು ಇನ್ನೊಂದು ಕಡೆ. ಅಂತೂ 1881ರಲ್ಲಿ ಚೀನಾ ಅವರನ್ನು ವಾಪಸು ಕರೆಸಿತು. ಹೆಚ್ಚಿನವರ ಓದು ಅರ್ಧಕ್ಕೇ ನಿಂತಿತು. ಯೇಲ್ ಪದವಿ ಮುಗಿಸಿಯೇ ಮರಳಿದ ಝಾನ್ ತಿಯಾನ್‌ಯು ಮುಂದೆ ಬೀಜಿಂಗಿನಿಂದ ಕಲ್ಗನ್‌ಗೆ ರೈಲುಮಾರ್ಗ ಕಟ್ಟಿ ಹೆಸರಾದ.

ನಮ್ಮ ಕಡೆಯಿಂದಲೂ ಅದೇ ಕಾಲದಲ್ಲಿ ಒಬ್ಬಳು ಹೊರಟಳು. ಮಹಾರಾಷ್ಟ್ರದ ಆನಂದೀಬಾಯಿ ಜೋಶಿ 1883ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಆಕೆಗೆ ಹದಿನೆಂಟು ವರ್ಷ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದಿ 1886ರಲ್ಲಿ ಪದವಿ ಪಡೆದಳು. ಹೊರಡುವ ಮುನ್ನ ಶ್ರೀರಾಮಪುರದ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಬರುತ್ತೇನೆಂದು ಆಕೆ ತನ್ನವರಿಗೆ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿನಂತೆ ಮರಳಿದಳು. ಆದರೆ ಕ್ಷಯ ಬಿಡಲಿಲ್ಲ, 1887ರಲ್ಲಿ ಪುಣೆಯಲ್ಲಿ ತೀರಿಕೊಂಡಳು.

ಇವೆರಡರಲ್ಲೂ ಗಮನಿಸಬೇಕಾದ ಅಂಶವಿದೆ. ಮರಳುವ ವಚನವನ್ನು ವಿದ್ಯಾರ್ಥಿ ಕೊಡುತ್ತಿದ್ದುದು ತನ್ನ ಜನಕ್ಕೆ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರೂ ಹತ್ತು ವರ್ಷ ಸೇವೆ ಮಾಡುವೆನೆಂದು ಮುಚ್ಚಳಿಕೆ ಬರೆದುಕೊಟ್ಟದ್ದು ವಿದ್ಯಾರ್ಥಿವೇತನ ಕೊಟ್ಟ ಬರೋಡ ಸಂಸ್ಥಾನಕ್ಕೆ. ಈ ಮುಚ್ಚಳಿಕೆ ಅಮೆರಿಕದ ಕೈಗೆ ಹೋದದ್ದು ಹೇಗೆ?

ಬಾಗಿಲು ಮುಚ್ಚಿದಾಗ

ಆನಂದೀಬಾಯಿ ಹಡಗು ಹತ್ತುವ ಹಿಂದಿನ ವರ್ಷ, 1882ರಲ್ಲಿ, ಅಮೆರಿಕ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚುವ ಕಾನೂನು ತಂದಿತ್ತು. ವ್ಯಾಪಾರಿ, ಅಧ್ಯಾಪಕ, ಪ್ರವಾಸಿಗಳ ಜೊತೆಗೆ ವಿದ್ಯಾರ್ಥಿಗೂ ರಿಯಾಯಿತಿ ಸಿಕ್ಕಿತು. ಆದರೆ ತಾನು ಕೂಲಿಯವನಲ್ಲ, ನಿಜವಾದ ವಿದ್ಯಾರ್ಥಿ ಎಂದು ಪ್ರಮಾಣಪತ್ರ ತೋರಿಸಬೇಕಿತ್ತು. ಓದಲು ಬಂದವನನ್ನು ಸಂಶಯದಿಂದ ನೋಡುವ ಪರಿಪಾಠ ಶುರುವಾದದ್ದು ಇಲ್ಲಿಂದ.

1904ರಲ್ಲಿ ಶಾಂಘಾಯ್‌ನ ಸೂಂಗ್ ಮನೆತನದ ಹಿರಿಯ ಮಗಳು ಐಲಿಂಗ್ ಜಾರ್ಜಿಯಾದ ವೆಸ್ಲಿಯನ್ ಕಾಲೇಜಿಗೆಂದು ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಳು. ವಯಸ್ಸು ಹದಿನೈದರ ಆಸುಪಾಸು. ತಂದೆ ಕೊಡಿಸಿದ್ದ ಪೋರ್ಚುಗೀಸ್ ಪಾಸ್‌ಪೋರ್ಟನ್ನು ಅಧಿಕಾರಿಗಳು ಒಪ್ಪಲಿಲ್ಲ. ಎರಡು ವಾರಕ್ಕೂ ಮಿಕ್ಕಿ ಆ ಹುಡುಗಿ ಬಂದರಿನಲ್ಲಿ ಹಡಗಿನ ಮೇಲೇ ಕಾಯಬೇಕಾಯಿತು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರನ್ನು ಕಾಣುವ ಅವಕಾಶ ಸಿಕ್ಕಾಗ ಆಕೆ ಈ ಅವಮಾನವನ್ನು ನೇರವಾಗಿಯೇ ಹೇಳಿದಳಂತೆ. ಇಂಥ ನಡವಳಿಕೆಯಿಂದ ರೊಚ್ಚಿಗೆದ್ದ ಚೀನೀಯರು 1905ರಲ್ಲಿ ಅಮೆರಿಕದ ಸರಕುಗಳನ್ನು ಬಹಿಷ್ಕರಿಸಿದ್ದರು. ಬಳಿಕ ಅಮೆರಿಕ ಬಾಕ್ಸರ್ ದಂಗೆಯ ಪರಿಹಾರಧನದ ಒಂದು ಭಾಗವನ್ನು ಬಿಟ್ಟುಕೊಟ್ಟಿತು. 1909ರಿಂದ ಆ ಹಣದಲ್ಲಿ ಚೀನೀ ವಿದ್ಯಾರ್ಥಿಗಳು ಅಮೆರಿಕಕ್ಕೆ ಬರತೊಡಗಿದರು. ಕೂಲಿಗೆ ಬಾಗಿಲು ಬಂದ್, ವಿದ್ಯಾರ್ಥಿಗೆ ಸ್ವಾಗತ: ಒಂದೇ ಕೈ ಮಾಡಿದ ಎರಡು ಕೆಲಸ.

1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗವನ್ನು ನಿರ್ಬಂಧಿತ ವಲಯವೆಂದು ಸಾರಿತು. ಅಲ್ಲೂ ವಿದ್ಯಾರ್ಥಿಗೆ ವಿನಾಯಿತಿ ಉಳಿಯಿತು. ಪರದೇಶದವರು ಹೊರಡುವ ಮೊದಲೇ ವೀಸಾ ಪಡೆಯಬೇಕೆಂಬ ಪದ್ಧತಿಯೂ ಅದೇ ವರ್ಷ ಯುದ್ಧಕಾಲದ ಕ್ರಮವಾಗಿ ಬಂತು; ಯುದ್ಧ ಮುಗಿದರೂ ಅದು ಹೋಗಲಿಲ್ಲ. 1924ರ ವಲಸೆ ಕಾನೂನು ವೀಸಾವನ್ನು ಶಾಶ್ವತಗೊಳಿಸಿ, ದೇಶವಾರು ಕೋಟಾ ನಿಗದಿಮಾಡಿ, ವಿದ್ಯಾರ್ಥಿಯನ್ನು ಕೋಟಾದಿಂದ ಹೊರಗಿಟ್ಟಿತು. ವಯಸ್ಸು ಕನಿಷ್ಠ 15 ಆಗಿರಬೇಕು, ಓದಿಗಾಗಿ ಮಾತ್ರ ಬಂದಿರಬೇಕು, ಶಾಲೆ ಸರ್ಕಾರದ ಒಪ್ಪಿಗೆ ಪಡೆದಿರಬೇಕು, ವಿದ್ಯಾರ್ಥಿ ಶಾಲೆ ಬಿಟ್ಟರೆ ಶಾಲೆಯೇ ಸರ್ಕಾರಕ್ಕೆ ವರದಿ ಮಾಡಬೇಕು ಎಂದು ಷರತ್ತು ಹಾಕಿತು. ಇಂದಿನ ಕಂಪ್ಯೂಟರ್ ಕಣ್ಗಾವಲಿನ ಬೀಜ ಇರುವುದು ಈ ಕೊನೆಯ ಷರತ್ತಿನಲ್ಲಿ.

ಓದಲು ಬಂದವರೆಲ್ಲ ಹಿಂದಿರುಗಲಿಲ್ಲ. ಪಂಜಾಬಿನ ದಲೀಪ್ ಸಿಂಗ್ ಸೌಂದ್ 1920ರಲ್ಲಿ ಬರ್ಕ್ಲಿಗೆ ಓದಲು ಬಂದು, ಗಣಿತದಲ್ಲಿ ಡಾಕ್ಟರೇಟ್ ಪಡೆದು, ಕ್ಯಾಲಿಫೋರ್ನಿಯಾದಲ್ಲಿ ಬೇಸಾಯಕ್ಕೆ ನಿಂತರು. ಭಾರತೀಯರಿಗೆ ಪೌರತ್ವವೇ ಇಲ್ಲದ ಕಾಲ ಅದು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಅವರು ಪೌರರಾದರು, 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿಬಂದರು.

ವಚನ ಕಾನೂನಾಯಿತು

1952ರಲ್ಲಿ ಬಂದ ವಲಸೆ ಮತ್ತು ಪೌರತ್ವ ಕಾನೂನು ಇಂದಿಗೂ ಬುನಾದಿ. ಅದರಲ್ಲಿ ವಿದ್ಯಾರ್ಥಿಗೆ ‘ಎಫ್’ ಎಂಬ ಅಕ್ಷರ ಸಿಕ್ಕಿತು. ತಾನು ತೊರೆಯುವ ಉದ್ದೇಶವಿಲ್ಲದ ಮನೆಯೊಂದು ವಿದ್ಯಾರ್ಥಿಗೆ ಸ್ವದೇಶದಲ್ಲಿ ಇರಬೇಕೆಂದು ಕಾನೂನು ಬರೆಯಿತು. ಬಂದವರನ್ನೆಲ್ಲ, ಬೇರೆ ರುಜುವಾತು ಸಿಗುವವರೆಗೆ, ಇಲ್ಲೇ ನೆಲೆಸಲು ಬಂದವರೆಂದು ಭಾವಿಸತಕ್ಕದ್ದು ಎಂಬ 214(ಬಿ) ಕಲಮೂ ಇದರದ್ದೇ. ತನ್ನವರಿಗೆ ಕೊಡುತ್ತಿದ್ದ ಮಾತು ಹೀಗೆ ಪರದೇಶದ ಅಧಿಕಾರಿಯ ಮುಂದೆ ಕೊಡಬೇಕಾದ ಮುಚ್ಚಳಿಕೆಯಾಯಿತು.

ಇನ್ನೊಂದು ದಾರಿ ಸ್ನೇಹದ್ದು. ಯುದ್ಧಗಳಲ್ಲಿ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್ ಸ್ವಯಂಸೇವಕರು ಕಟ್ಟಿದ ಎಎಫ್ಎಸ್ ಸಂಸ್ಥೆ 1947ರಲ್ಲಿ ಪರದೇಶದ ಹೈಸ್ಕೂಲು ಮಕ್ಕಳನ್ನು ಅಮೆರಿಕನ್ ಮನೆಗಳಿಗೆ ಕರೆತರತೊಡಗಿತು. 1946ರಲ್ಲಿ ಫುಲ್‌ಬ್ರೈಟ್ ಯೋಜನೆ ಹುಟ್ಟಿತು. 1961ರ ಕಾನೂನು ಇಂಥ ವಿನಿಮಯಕ್ಕೆಂದೇ ‘ಜೆ’ ವೀಸಾ ಕೊಟ್ಟಿತು. ಇಲ್ಲಿ ಮುಚ್ಚಳಿಕೆ ಇನ್ನೂ ಬಿಗಿ: ಸರ್ಕಾರಿ ಹಣದಲ್ಲಿ ಬಂದವರು, ಕೆಲವು ನಿಗದಿತ ಕೌಶಲಗಳವರು ಎರಡು ವರ್ಷ ಸ್ವದೇಶದಲ್ಲಿ ಇದ್ದ ಮೇಲಷ್ಟೇ ಅಮೆರಿಕದಲ್ಲಿ ನೆಲೆಸಲು ಅರ್ಜಿ ಹಾಕಬಹುದು. 2024ರ ಡಿಸೆಂಬರಿನಲ್ಲಿ ಪರಿಷ್ಕರಿಸಿದ ಕೌಶಲ ಪಟ್ಟಿಯಿಂದ ಭಾರತದ ಹೆಸರನ್ನು ಕೈಬಿಡಲಾಯಿತು.

ಮರಳಿದವರಿಂದ ಮಾತ್ರ ನಾಡಿಗೆ ಲಾಭ ಎನ್ನುವಂತೆಯೂ ಇಲ್ಲ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದವರು ಮುಂದೆ ಶಿಕಾಗೋದಲ್ಲಿ ಪ್ರಾಧ್ಯಾಪಕರಾದರು. ನಮ್ಮ ವಚನಕಾರರನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ್ದು ಅಲ್ಲಿ ಕುಳಿತೇ.

ಭಯದ ಕಾಲ

1979ರಲ್ಲಿ ಟೆಹರಾನಿನಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದಾಗ ಅಧ್ಯಕ್ಷ ಕಾರ್ಟರ್, ದೇಶದಲ್ಲಿದ್ದ ಇರಾನಿ ವಿದ್ಯಾರ್ಥಿಗಳೆಲ್ಲ ಹಾಜರಾಗಬೇಕೆಂದು ಆಜ್ಞೆ ಮಾಡಿದರು. ಅವರ ಖಚಿತ ಸಂಖ್ಯೆಯೇ ಸರ್ಕಾರದ ಬಳಿ ಇಲ್ಲವೆಂಬುದು ಆಗ ಬಯಲಾಯಿತು. 1993ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದಡಿ ಸ್ಫೋಟಕ ತುಂಬಿದ ವಾಹನ ಓಡಿಸಿದವನು, ವಿದ್ಯಾರ್ಥಿ ವೀಸಾದಲ್ಲಿ ಬಂದು ಓದು ಬಿಟ್ಟವನಾಗಿದ್ದ. 1996ರ ಕಾನೂನು ವಿದ್ಯಾರ್ಥಿಗಳ ಮೇಲೆ ಎಲೆಕ್ಟ್ರಾನಿಕ್ ನಿಗಾ ಇಡಲು ಹೇಳಿತು. ಅದು ಕಾಗದದಲ್ಲೇ ಇರುವಾಗ 2001ರ ದಾಳಿ ನಡೆಯಿತು. ಹತ್ತೊಂಬತ್ತು ದಾಳಿಕೋರರಲ್ಲಿ ವಿದ್ಯಾರ್ಥಿ ವೀಸಾ ಮೇಲೆ ಒಳಬಂದವನು ಒಬ್ಬನೇ ಆದರೂ ಸಂಶಯ ಎಲ್ಲ ವಿದ್ಯಾರ್ಥಿಗಳ ಮೇಲೂ ಬಿತ್ತು. 2003ರಿಂದ ‘ಸೆವಿಸ್’ ಎಂಬ ಗಣಕ ಕಡತದಲ್ಲಿ ಪ್ರತಿ ವಿದ್ಯಾರ್ಥಿಯ ವಿಳಾಸ, ದಾಖಲಾತಿ, ವ್ಯಾಸಂಗದ ವಿವರಗಳನ್ನು ಶಾಲೆಗಳು ನಮೂದಿಸಬೇಕಾಯಿತು.

1996ರ ಕಾನೂನು ಹೈಸ್ಕೂಲು ಮಕ್ಕಳನ್ನು ನೇರವಾಗಿ ತಟ್ಟಿತು. ತೈವಾನ್, ಹಾಂಗ್‌ಕಾಂಗ್‌ಗಳ ಪಾಲಕರು ಮಕ್ಕಳನ್ನು ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಬಿಟ್ಟು ತಾವು ಊರಿಗೆ ಮರಳುತ್ತಿದ್ದರು. ‘ಪ್ಯಾರಾಚೂಟ್ ಮಕ್ಕಳು’ ಎಂದೇ ಅವರಿಗೆ ಹೆಸರು. ತೆರಿಗೆ ಕಟ್ಟುವವರ ಹಣದಲ್ಲಿ ನಡೆಯುವ ಶಾಲೆಯಲ್ಲಿ ಪರದೇಶದ ಮಕ್ಕಳಿಗೇಕೆ ಪುಕ್ಕಟೆ ಓದು ಎಂಬ ಕೂಗೆದ್ದಿತು.

ಈಗ ಇರುವ ದಾರಿಗಳು

ಈ ಹಿನ್ನೆಲೆಯಲ್ಲಿ ನೋಡಿದರೆ ಇಂದಿನ ನಿಯಮಗಳು ಅರ್ಥವಾಗುತ್ತವೆ. ‘ಎಫ್-1’ ವೀಸಾದಲ್ಲಿ ಸರ್ಕಾರಿ ಪ್ರೌಢಶಾಲೆಗೆ ಹೆಚ್ಚೆಂದರೆ 12 ತಿಂಗಳು ಸೇರಬಹುದು, ಅದೂ ಪೂರ್ಣ ವೆಚ್ಚ ಮುಂಚಿತವಾಗಿ ಕಟ್ಟಿ. ಎಂಟನೆಯ ತರಗತಿವರೆಗಿನ ಸರ್ಕಾರಿ ಶಾಲೆಗೆ ಈ ವೀಸಾ ಸಿಗುವುದಿಲ್ಲ. ಖಾಸಗಿ ಶಾಲೆಗಾಗಲಿ, ಕಾಲೇಜಿಗಾಗಲಿ ಈ ಮಿತಿಯಿಲ್ಲ. ಶಾಲೆ ಮೊದಲು ‘ಐ-20’ ಪತ್ರ ಕೊಡಬೇಕು, ವಿದ್ಯಾರ್ಥಿ ಸೆವಿಸ್ ಶುಲ್ಕ ಕಟ್ಟಬೇಕು, ಬಳಿಕ ಸಂದರ್ಶನ.

‘ಜೆ-1’ ವಿನಿಮಯ ವೀಸಾದಲ್ಲಿ ಹದಿನೈದರಿಂದ ಹದಿನೆಂಟೂವರೆ ವಯಸ್ಸಿನವರು ಒಂದು ಶೈಕ್ಷಣಿಕ ವರ್ಷ ಅಮೆರಿಕನ್ ಕುಟುಂಬದ ಜೊತೆಗಿದ್ದು ಹೈಸ್ಕೂಲಿನಲ್ಲಿ ಓದಬಹುದು. ಮಾನ್ಯತೆ ಪಡೆದ ಸಂಸ್ಥೆಯೊಂದು ಪ್ರಾಯೋಜಿಸಬೇಕು. 1981ರ ತಿದ್ದುಪಡಿಯಿಂದ ಬಂದ ‘ಎಂ-1’ ವೀಸಾ ವೃತ್ತಿ ತರಬೇತಿಗೆ ಮಾತ್ರ. ಪ್ರವಾಸಿ ವೀಸಾದಲ್ಲಿ ಹೋಗಿ ಶಾಲೆ ಸೇರುವುದು ನಿಯಮಬಾಹಿರ. ಹಾಗೆ ಮಾಡಿದರೆ ಮುಂದಿನ ವೀಸಾಗಳಿಗೂ ಕುತ್ತು ಬರಬಹುದು.

2023-24ರಲ್ಲಿ ಅಮೆರಿಕದಲ್ಲಿದ್ದ 11,26,690 ಪರದೇಶಿ ವಿದ್ಯಾರ್ಥಿಗಳಲ್ಲಿ 3,31,602 ಮಂದಿ ಭಾರತೀಯರು. ಚೀನಾವನ್ನೂ ಹಿಂದೆ ಹಾಕಿದ ಸಂಖ್ಯೆ ಇದು. 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನಗಳನ್ನು ನಿಲ್ಲಿಸಲಾಯಿತು. ಜೂನಿನಲ್ಲಿ ಮತ್ತೆ ಆರಂಭವಾದಾಗ, ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆ ಬಂತು. ಮರಳುತ್ತೀಯಾ ಎಂಬ ಹಳೆಯ ಪ್ರಶ್ನೆಗೆ, ನೀನು ಏನು ಬರೆಯುತ್ತೀಯಾ ಎಂಬ ಇನ್ನೊಂದು ಪ್ರಶ್ನೆ ಸೇರಿಕೊಂಡಿತು.

ಎರಡು ನಾಲಿಗೆಯ ಕಾನೂನು

ಇಲ್ಲೊಂದು ವಿಪರ್ಯಾಸವಿದೆ. ಕಿಟಕಿಯಲ್ಲಿ ಮರಳುವ ಮಾತು ಕೇಳುವ ವ್ಯವಸ್ಥೆಯೇ, ಪದವಿ ಮುಗಿದ ಮೇಲೆ 12 ತಿಂಗಳ ಕೆಲಸಕ್ಕೆ, ವಿಜ್ಞಾನ-ತಂತ್ರಜ್ಞಾನ ಓದಿದವರಾದರೆ ಇನ್ನೂ 24 ತಿಂಗಳಿಗೆ ಅವಕಾಶ ಕೊಡುತ್ತದೆ. ಅಲ್ಲಿಂದ ಎಚ್-1ಬಿ, ಆಮೇಲೆ ಗ್ರೀನ್ ಕಾರ್ಡಿನ ಸರದಿ. ಬುದ್ಧಿವಂತರು ಬೇಕು, ಆದರೆ ಬರುವಾಗ ಉಳಿಯುವ ಆಸೆ ಹೇಳಬಾರದು!

ಇದರ ಬಿಸಿ ಹೆಚ್ಚು ತಟ್ಟುವುದು ಎಚ್-1ಬಿ ಮೇಲೆ ಹೋದ ನಮ್ಮ ಎಂಜಿನಿಯರುಗಳ ಮನೆಗಳಿಗೆ. ತಂದೆ ತಾಯಿಯ ಜೊತೆ ಎರಡು ಮೂರು ವರ್ಷದ ಕೂಸಾಗಿ ಹೋದ ಮಗು ‘ಎಚ್-4’ ಅವಲಂಬಿತ ವೀಸಾದಲ್ಲಿ ಅಲ್ಲಿಯ ಸರ್ಕಾರಿ ಶಾಲೆಯಲ್ಲೇ ಓದುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕಗಟ್ಟಲೆ ಉದ್ದ. ಅಷ್ಟರಲ್ಲಿ ಮಗುವಿಗೆ 21 ತುಂಬಿದರೆ ಅವಲಂಬನೆ ಮುಗಿಯಿತು. ಉಳಿಯುವ ದಾರಿಗಳಲ್ಲಿ ಮುಖ್ಯವಾದದ್ದು ಎಫ್-1. ಆಗ ಆ ತರುಣ ಹೇಳಬೇಕಾದ್ದೇನು? ತನ್ನ ಮನೆ ಬೆಂಗಳೂರಿನಲ್ಲಿದೆ, ಓದು ಮುಗಿದ ಮೇಲೆ ಅಲ್ಲಿಗೆ ಮರಳುತ್ತೇನೆ ಎಂದು. ಬೇಸಿಗೆ ರಜೆಯಲ್ಲಿ ಅಜ್ಜಿಯನ್ನು ನೋಡಲು ಬಂದಷ್ಟೇ ಆ ಊರಿನ ಪರಿಚಯ.

ಆನಂದೀಬಾಯಿಗೆ ಮರಳಲು ಒಂದು ಊರಿತ್ತು, ಕಾಯುವ ಜನರಿದ್ದರು. ಆದ್ದರಿಂದ ಆಕೆಯ ಮಾತಿಗೆ ತೂಕವಿತ್ತು. ಅಮೆರಿಕದ ಕಾನೂನು ಆ ಮಾತನ್ನು ಕಾಗದದ ಮೇಲೆ ಇಳಿಸಿಕೊಂಡಿತು, ಅದರ ಹಿಂದಿನ ಬದುಕನ್ನು ಅಳೆಯುವ ಕೋಲು ಮಾತ್ರ ಅದರ ಬಳಿ ಇಲ್ಲ. ಮಕ್ಕಳನ್ನು ಕಳುಹಿಸಲು ಹೊರಟ ತಂದೆ ತಾಯಂದಿರು ಶುಲ್ಕ, ಅಂಕಗಳ ಜೊತೆ ಇದನ್ನೂ ಮನೆಯಲ್ಲಿ ಕುಳಿತು ಮಾತಾಡಬೇಕು. ಊರಲ್ಲಿ ತನಗೇನಿದೆ, ಏಕೆ ಮರಳಬೇಕು ಎಂಬುದಕ್ಕೆ ಮಗುವಿನ ಬಳಿ ತನ್ನದೇ ಉತ್ತರವಿದ್ದರೆ ಕಿಟಕಿಯ ಮುಂದೆ ಬಾಯಿಪಾಠ ಬೇಕಾಗುವುದಿಲ್ಲ.